ಹೊಗಲಾಗದ ಕಾಡಿನ ಗೊರಿಲ್ಲಗಳು

ಗೊರಿಲ್ಲವೆಂಬ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬಂದು ನಿಲ್ಲುವುದು, ಎದೆಯನ್ನು ಬಡಿದುಕೊಳ್ಳುತ್ತ, ಕೋರೆಹಲ್ಲುಗಳನ್ನು ಕಿರಿಯುತ್ತ, ಕೈಗೆ ಸಿಕ್ಕಿದವರನ್ನು ಸೀಳಿಹಾಕಲು ನುಗ್ಗುವ ಒಂದು ಘೋರವಾದ ರಾಕ್ಷಸಾಕೃತಿಯೇ ಸರಿ. ೧೯೩೩ರಲ್ಲಿ ಹೊರಬಂದ ‘ಕಿಂಗ್ ಕಾಂಗ್’ ಎಂಬ ಅಮೆರಿಕದ ಚಲಚ್ಚಿತ್ರವು ಈ ಕಲ್ಪನೆಯನ್ನು ಲೋಕದ ಮೂಲೆಮೂಲೆಗೂ ಹಂಚಿಬಿಟ್ಟಿತು. ಆದರೆ ಆ ಪ್ರಾಣಿಯ ನಿಜವಾದ ಬಾಳುವೆಯೇ ಬೇರೆ. ಸೊಪ್ಪುಸದೆಗಳನ್ನು ಮೆಲ್ಲುತ್ತ, ಮಕ್ಕಳನ್ನು ಆಡಿಸುತ್ತ, ನಡುಹಗಲಿನಲ್ಲಿ ಒಂದು ನಿದ್ದೆ ತೆಗೆದು, ಹೊತ್ತು ಮುಳುಗುವ ವೇಳೆಗೆ ಎಲೆಯ ಹಾಸುಗೆಯನ್ನು ಹಾಸಿಕೊಂಡು ಮಲಗುವ ಈ ಜೀವಿಯನ್ನು ಕಾಡಿನ ಗೃಹಸ್ಥನೆಂದು ಕರೆದರೆ ತಪ್ಪಾಗಲಾರದು. ಅದರಿಂದ ಮನುಷ್ಯನಿಗೆ ಒದಗಿದ ಕೇಡು ಅತ್ಯಲ್ಪ. ಮನುಷ್ಯನಿಂದ ಅದಕ್ಕೆ ಒದಗಿದ ಕೇಡಾದರೋ, ಒಂದು ಕಾಲಕ್ಕೆ ಅದರ ಕುಲವನ್ನೇ ಅಳಿಸಿಹಾಕುವಷ್ಟಾಗಿದ್ದಿತು.

ಗೊರಿಲ್ಲಗಳಲ್ಲಿ ಹಲವು ಭೇದಗಳುಂಟು. ಅವುಗಳಲ್ಲಿ ಬೆಟ್ಟದ ಗೊರಿಲ್ಲವೆಂಬುದು ಮಧ್ಯ ಆಫ್ರಿಕೆಯ ಎರಡೇ ಎರಡು ಎಡೆಗಳಲ್ಲಿ ಮಾತ್ರ ಕಾಣಬರುವುದು. ಯುಗಾಂಡಾ, ರುವಾಂಡಾ, ಕಾಂಗೋ ಎಂಬ ಮೂರು ದೇಶಗಳ ಗಡಿಗಳು ಕೂಡುವ ವಿರುಂಗಾ ಜ್ವಾಲಾಮುಖಿ ಪರ್ವತಶ್ರೇಣಿ ಒಂದು. ಅಲ್ಲಿಂದ ಸ್ವಲ್ಪ ಉತ್ತರಕ್ಕೆ, ಯುಗಾಂಡಾದ ನೈಋತ್ಯ ಮೂಲೆಯಲ್ಲಿರುವ ಬ್ವಿಂಡಿ ಎಂಬ ಅರಣ್ಯ ಇನ್ನೊಂದು. ಇವೆರಡರ ನಡುವೆ ಈಗ ಹೊಲಗದ್ದೆಗಳೂ ಊರುಗಳೂ ತುಂಬಿರುವುದರಿಂದ, ಒಂದು ಕಾಡಿನ ಗೊರಿಲ್ಲಗಳಿಗೆ ಮತ್ತೊಂದರ ಗೊರಿಲ್ಲಗಳ ಸಂಪರ್ಕವೇ ಇಲ್ಲ. ಪ್ರಪಂಚದ ಯಾವ ಮೃಗಾಲಯದಲ್ಲಿಯೂ ಈ ಜಾತಿಯದು ಇಲ್ಲವಾದ್ದರಿಂದ, ಇವನ್ನು ನೋಡಬೇಕೆಂಬವರು ಅಲ್ಲಿಗೇ ಹೋಗಬೇಕು. ಇವು ಉಳಿಯುವುದಾದರೆ ಅಲ್ಲಿಯೇ ಉಳಿಯಬೇಕು.

ಬ್ವಿಂಡಿಯನ್ನು ಆಂಗ್ಲರು ‘ಹೊಗಲಾಗದ ಕಾಡು’ ಎಂದೇ ಹೆಸರಿಸಿದರು. ಹೆಸರು ಅನ್ವರ್ಥವಾದುದು. ಸುಮಾರು ೧,೧೬೦ ಮೀಟರುಗಳಿಂದ ೨,೬೦೭ ಮೀಟರುಗಳವರೆಗೆ ಏರಿಳಿಯುವ ಕಡಿದಾದ ಗುಡ್ಡಗಳು. ಅವುಗಳ ಮೇಲೆ ಹೆಮ್ಮರಗಳು, ಮರಕ್ಕೆ ಮರ ಹೆಣೆದುಕೊಂಡ ಬಳ್ಳಿಗಳು, ಆಳೆತ್ತರದ ಜರಿಗಿಡಗಳು, ಮೈತಾಕಿದರೆ ಉರಿಯೇಳಿಸುವ ತುರಿಚೆಗಿಡಗಳು. ನೆಲವಾದರೋ ಮಳೆಯಿಂದ ಸದಾ ಜಾರುವ ಕೆಸರು. ಸುಮಾರು ೩೩೦ ಚದರ ಕಿಲೋಮೀಟರುಗಳ ಈ ಅರಣ್ಯವು ೧೯೩೨ರಲ್ಲಿ ಸರಕಾರದ ಕಾಯ್ದಿಟ್ಟ ಕಾಡಾಯಿತು; ೧೯೯೧ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು; ೧೯೯೪ರಲ್ಲಿ ವಿಶ್ವಪರಂಪರೆಯ ತಾಣಗಳ ಪಟ್ಟಿಯಲ್ಲಿ ಸೇರಿತು. ಕಾಡಿನ ಅಂಚೆಂದರೆ ಅಲ್ಲಿ ಕ್ರಮವಾಗಿ ತೆಳುವಾಗುತ್ತ ಬರುವ ಅಂಚಲ್ಲ. ಚಾಕುವಿನಿಂದ ಕೊಯ್ದಂತೆ ಒಂದು ಗೆರೆ. ಗೆರೆಯ ಈಚೆಗೆ ಬಕಿಗಾ ಎಂಬ ಒಕ್ಕಲಿಗ ಜನರ ಬಾಳೆ, ಗೆಣಸು, ಹುರುಳಿಕಾಯಿಗಳ ಮೆಟ್ಟಲುಹೊಲಗಳು. ಗೆರೆಯ ಆಚೆಗೆ ಕತ್ತಲೆಗವಿದ ಮರಗಳು. ಆ ಸೀಮೆಯು ಆಫ್ರಿಕೆಯ ಗ್ರಾಮಪ್ರದೇಶಗಳಲ್ಲಿಯೇ ಅತಿ ದಟ್ಟವಾದ ಜನವಸತಿಯುಳ್ಳವುಗಳಲ್ಲಿ ಒಂದು. ಒಂದು ಗುಂಟೆ ನೆಲಕ್ಕಾಗಿ ಅಣ್ಣತಮ್ಮಂದಿರು ವ್ಯಾಜ್ಯವಾಡುವ ನಾಡಿನವರಾದ ನಮಗೆ, ಅಂಥ ಕಡೆಯಲ್ಲಿ ಒಂದು ಕಾಡನ್ನು ಕಾಡಾಗಿಯೇ ಇಟ್ಟುಕೊಳ್ಳುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಹೊರಲೋಕಕ್ಕೆ ಈ ಪ್ರಾಣಿಯ ಪರಿಚಯವಾದುದು ಬಂದೂಕಿನ ಮೂಲಕ. ೧೯೦೨ರ ಅಕ್ಟೋಬರಿನಲ್ಲಿ ರಾಬರ್ಟ್ ಫಾನ್ ಬೆರಿಂಗೆ ಎಂಬ ಜರ್ಮನ್ ಸೇನಾಧಿಕಾರಿಯು ವಿರುಂಗಾದ ಸಬಿನ್ಯೋ ಪರ್ವತವನ್ನು ಏರುತ್ತಿದ್ದಾಗ ಎರಡು ಗೊರಿಲ್ಲಗಳನ್ನು ಹೊಡೆದುರುಳಿಸಿದನು. ಒಂದರ ಅವಶೇಷವು ಬರ್ಲಿನ್ನಿಗೆ ಹೋಗಿ, ಮರುವರ್ಷ ವಿದ್ವಾಂಸರು ಅದನ್ನು ಹೊಸ ಬಗೆಯೆಂದು ನಿಶ್ಚಯಿಸಿ, ಕೊಂದವನ ಹೆಸರನ್ನೇ ಅದಕ್ಕೆ ಇಟ್ಟರು. ಇಂದಿಗೂ ಶಾಸ್ತ್ರದಲ್ಲಿ ಅದೇ ಹೆಸರು. ೧೯೨೧ರಲ್ಲಿ ಕಾರ್ಲ್ ಏಕ್ಲಿ ಎಂಬ ಅಮೆರಿಕದವನು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕಾಗಿ ಅಲ್ಲಿಯೇ ಕೆಲವು ಗೊರಿಲ್ಲಗಳನ್ನು ಬೇಟೆಯಾಡಿದನು. ಸತ್ತ ಮೃಗದ ಮುಖವನ್ನು ಹತ್ತಿರದಿಂದ ನೋಡಿ ಅವನ ಮನಸ್ಸು ತಿರುಗಿಹೋಯಿತು. ಬೆಲ್ಜಿಯಂ ದೇಶದ ದೊರೆಯಾದ ಮೊದಲನೆಯ ಆಲ್ಬರ್ಟನನ್ನು ಒಲಿಸಿ, ೧೯೨೫ರಲ್ಲಿ ಆ ಪರ್ವತಗಳನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿಸಿದವನು ಇವನೇ. ಆಫ್ರಿಕಾ ಖಂಡಕ್ಕೆಲ್ಲ ಅದೇ ಮೊದಲನೆಯ ರಾಷ್ಟ್ರೀಯ ಉದ್ಯಾನ. ಮರುವರ್ಷವೇ ಏಕ್ಲಿಯು ಅಲ್ಲಿ ಮತ್ತೆ ಬಂದು ಜ್ವರದಿಂದ ತೀರಿಕೊಂಡನು; ಗೊರಿಲ್ಲಗಳ ನಡುವೆಯೇ ಅವನನ್ನು ಹೂಳಿದರು.

೧೯೫೯ರಲ್ಲಿ ಜಾರ್ಜ್ ಶಾಲರ್ ಎಂಬ ತರುಣ ವಿಜ್ಞಾನಿಯು ಆಯುಧವಿಲ್ಲದೆ, ಅಡಗಿಕೊಳ್ಳದೆ, ಗೊರಿಲ್ಲಗಳಿಗೆ ಕಾಣುವಂತೆಯೇ ದೂರದಲ್ಲಿ ಕುಳಿತು ಅವುಗಳ ನಡೆನುಡಿಗಳನ್ನು ದಿನದಿನವೂ ಬರೆದಿಟ್ಟುಕೊಂಡನು. ರಾಕ್ಷಸನ ಕಥೆ ಅಲ್ಲಿಗೆ ಮುಗಿದಂತಾಯಿತು. ಅವನ ಅನಂತರ ೧೯೬೭ರಲ್ಲಿ ಡಯಾನ್ ಫಾಸಿ ಎಂಬಾಕೆ ರುವಾಂಡಾದ ಪರ್ವತಗಳಲ್ಲಿ ಕರಿಸೋಕೆ ಎಂಬ ಬಿಡಾರವನ್ನು ಹೂಡಿ ಹದಿನೆಂಟು ವರ್ಷಗಳ ಕಾಲ ಈ ಕಾರ್ಯದಲ್ಲಿಯೇ ಜೀವ ತೇದಳು. ಆಕೆಗೆ ಅತಿ ಪ್ರಿಯವಾಗಿದ್ದ ‘ಡಿಜಿಟ್’ ಎಂಬ ಗಂಡನ್ನು ೧೯೭೭ರ ಕೊನೆಯ ದಿನ ಕಳ್ಳಬೇಟೆಗಾರರು ಕೊಂದರು. ೧೯೮೫ರ ಡಿಸೆಂಬರಿನಲ್ಲಿ ಆಕೆಯನ್ನೇ ಅವಳ ಗುಡಿಸಲಿನಲ್ಲಿ ಯಾರೋ ಕೊಲೆಮಾಡಿದರು. ಈಗ ಇಬ್ಬರ ಗೋರಿಗಳೂ ಅಕ್ಕಪಕ್ಕದಲ್ಲಿವೆ. ೧೯೮೧ರ ಎಣಿಕೆಯಲ್ಲಿ ವಿರುಂಗಾ ಪರ್ವತಗಳಲ್ಲೆಲ್ಲ ಉಳಿದಿದ್ದ ಗೊರಿಲ್ಲಗಳು ಇನ್ನೂರೈವತ್ತರ ಆಸುಪಾಸು ಮಾತ್ರ. ಇಪ್ಪತ್ತನೆಯ ಶತಮಾನವು ಮುಗಿಯುವುದರೊಳಗೆ ಈ ಕುಲ ಮುಗಿದುಹೋಗುವುದೆಂದು ಬಲ್ಲವರು ಭಾವಿಸಿದ್ದರು.

ಹಾಗಾಗಲಿಲ್ಲ. ಹೇಗೆ ಆಗಲಿಲ್ಲವೆಂಬುದನ್ನು ತಿಳಿಯಬೇಕಾದರೆ ಮೊದಲು ಅವುಗಳ ಸಂಸಾರವನ್ನು ಸ್ವಲ್ಪ ನೋಡಬೇಕು.

ಗೊರಿಲ್ಲಗಳು ಕುಟುಂಬವಾಗಿ ಬಾಳುವುವು. ಒಂದೊಂದು ಗುಂಪಿನಲ್ಲಿ ಸಾಮಾನ್ಯವಾಗಿ ಹತ್ತರಷ್ಟು, ಕೆಲವು ವೇಳೆ ಅದಕ್ಕಿಂತ ಬಹಳ ಹೆಚ್ಚಾಗಿಯೂ ಇರುವುವು. ಗುಂಪಿಗೆ ಯಜಮಾನನು ಒಬ್ಬ ಪ್ರಾಯದ ಗಂಡು. ಹನ್ನೆರಡು ವರ್ಷಗಳ ಸುಮಾರಿಗೆ ಗಂಡಿನ ಬೆನ್ನಿನ ಕೂದಲು ಬೆಳ್ಳಿಯ ಬಣ್ಣಕ್ಕೆ ತಿರುಗುವುದರಿಂದ ಅವನಿಗೆ ‘ಬೆಳ್ಳಿಬೆನ್ನಿನವ’ ಎಂಬ ಹೆಸರು ಬಂದಿದೆ. ತೂಕ ನೂರರವತ್ತು ಕಿಲೋಗ್ರಾಮುಗಳಿಗೂ ಮೇಲೆ. ಹೆಣ್ಣಿನದು ಅದರ ಅರ್ಧದಷ್ಟು. ಎತ್ತ ಹೋಗಬೇಕು, ಎಲ್ಲಿ ಮೇಯಬೇಕು, ಯಾವಾಗ ಮಲಗಬೇಕು ಎಂಬುದೆಲ್ಲ ಯಜಮಾನನ ಇಚ್ಛೆ. ಜಗಳವಾಡುವ ಹೆಣ್ಣುಗಳ ನಡುವೆ ಹೋಗಿ ಒಂದು ಗುಟುರು ಹಾಕಿದರೆ ಸಾಕು, ಜಗಳ ನಿಲ್ಲುವುದು. ಇಷ್ಟು ಪ್ರತಾಪವುಳ್ಳ ಆ ಮಹಾಕಾಯನ ಹೊಟ್ಟೆಯ ಮೇಲೆ ಹತ್ತಿ ಕಿರಿಮಕ್ಕಳು ಜಾರುಬಂಡೆಯಾಡುವುವು, ಅವನು ಸುಮ್ಮನಿರುವನು. ತಾಯಿ ಸತ್ತ ಮರಿಯನ್ನು ತನ್ನ ಹಾಸುಗೆಯಲ್ಲಿಯೇ ಮಲಗಿಸಿಕೊಂಡು ಸಾಕುವುದೂ ಉಂಟು.

ಹೆಣ್ಣು ಎಂಟೂವರೆ ತಿಂಗಳು ಗರ್ಭವನ್ನು ಹೊತ್ತು ಒಂದು ಮರಿಯನ್ನು ಹೆರುವುದು. ಹುಟ್ಟಿದ ಕೂಸು ಎರಡು ಕಿಲೋಗ್ರಾಮಿನಷ್ಟು. ನಮ್ಮ ಮನೆಗಳ ಬಡಕಲು ಕೂಸಿಗಿಂತಲೂ ಹಗುರ. ಮೂರು ನಾಲ್ಕು ವರ್ಷ ಮೊಲೆಯೂಡಿಸಬೇಕಾದ್ದರಿಂದ ಎರಡು ಹೆರಿಗೆಗಳ ನಡುವೆ ಸಾಮಾನ್ಯವಾಗಿ ನಾಲ್ಕು ವರ್ಷಗಳ ಅಂತರವಿರುವುದು. ಮೊದಲ ಮರಿಯಾಗುವಾಗ ತಾಯಿಗೆ ಹತ್ತು ವರ್ಷ ವಯಸ್ಸಾಗಿರುವುದು. ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಡಬೇಕು: ಒಂದು ಉರುಲಿನಲ್ಲಿ ಒಂದು ಹೆಣ್ಣು ಸತ್ತರೆ, ಆ ಒಂದು ತಪ್ಪನ್ನು ಕಾಡು ತುಂಬಿಕೊಳ್ಳುವುದಕ್ಕೆ ಹತ್ತಾರು ವರ್ಷಗಳು ಹಿಡಿಯುವುವು.

ಇನ್ನು ಅವುಗಳ ಜಾಡು ಹಿಡಿಯುವ ಬಗೆ. ಇದು ಬ್ವಿಂಡಿಯಲ್ಲಿ ದಿನವೂ ನಡೆಯುವ ಕೆಲಸ. ಆದರೂ ನೋಡಲು ಬರುವ ಪರದೇಶದವರಿಗೆ ಅದರ ಕೊನೆಯ ಅಂಕ ಮಾತ್ರ ಕಾಣುವುದು. ಬೆಳಗಾಗುವ ಹೊತ್ತಿಗೆ, ಪ್ರವಾಸಿಗಳು ಇನ್ನೂ ಕಾಫಿ ಕುಡಿಯುತ್ತಿರುವಾಗ, ಜಾಡುಗಾರರು ಎರಡು ಮೂರು ಮಂದಿ ಮಚ್ಚುಗಳನ್ನು ಹಿಡಿದು ಕಾಡನ್ನು ಹೊಕ್ಕಿರುವರು. ಇವರು ಹೆಚ್ಚಾಗಿ ಅಲ್ಲಿಯ ಊರುಗಳವರೇ. ಗುಂಪನ್ನು ನಿನ್ನೆ ಎಲ್ಲಿ ಬಿಟ್ಟು ಬಂದಿದ್ದರೋ ಆ ಎಡೆಗೆ ನೇರವಾಗಿ ಹೋಗುವರು. ಅಲ್ಲಿಂದ ಮುಂದೆ ಓದುಬಲ್ಲವರಿಗೆ ಕಾಡೆಲ್ಲ ಬರೆದಿಟ್ಟಂತೆಯೇ ಇರುವುದು. ಗೊರಿಲ್ಲವು ನಡೆಯುವಾಗ ಮುಂಗೈಯ ಬೆರಳಗೆಣ್ಣುಗಳನ್ನು ಊರಿ ನಡೆಯುವುದರಿಂದ ಮೆತ್ತನೆಯ ಮಣ್ಣಿನಲ್ಲಿ ನಾಲ್ಕು ಗೆಣ್ಣುಗಳ ಗುರುತು ಸಾಲಾಗಿ ಬಿದ್ದಿರುವುದು. ಮುರಿದ ದಂಟಿನ ಬಾಯಲ್ಲಿ ರಸ ಇನ್ನೂ ಜಿನುಗುತ್ತಿದ್ದರೆ ಈಗ ಹೋಗಿರುವುವು. ಒಣಗಿ ಕಂದಿದ್ದರೆ ಹೊತ್ತಾಗಿದೆ. ಎಲೆಗಳ ಬೆಳ್ಳನೆಯ ಅಡಿಭಾಗವು ಮೇಲಾಗಿ ಯಾವ ಕಡೆಗೆ ಬಾಗಿದೆಯೋ ಆ ಕಡೆಗೆ ಪಯಣ. ಲದ್ದಿ ಕಂಡರೆ ಅದರ ಬಿಸಿಯನ್ನೂ, ಅದರ ಮೇಲೆ ಕುಳಿತ ನೊಣಗಳನ್ನೂ ನೋಡಿ ವೇಳೆಯನ್ನು ಹೇಳುವರು. ನಮ್ಮ ಹಳ್ಳಿಗಳಲ್ಲಿ ತಪ್ಪಿಸಿಕೊಂಡ ದನದ ಹೆಜ್ಜೆಯನ್ನು ಹಿಡಿದು ಹೋಗುವ ದನಗಾಹಿಗೆ ಈ ವಿದ್ಯೆ ಹೊಸದೆನಿಸದು.

ಸ್ವಲ್ಪ ದೂರ ನಡೆದ ಮೇಲೆ ರಾತ್ರಿಯ ಬಿಡದಿ ಸಿಕ್ಕುವುದು. ಗೊರಿಲ್ಲಗಳು ದಿನಕ್ಕೊಂದು ಹೊಸ ಹಾಸುಗೆಯನ್ನು ಮಾಡಿಕೊಳ್ಳುವುವು. ಕುಳಿತಲ್ಲಿಯೇ ಸುತ್ತಲಿನ ಗಿಡಗಳನ್ನು ಬಾಗಿಸಿ, ಮಡಿಸಿ, ಮೈಕೆಳಗೆ ಒತ್ತಿಕೊಂಡು, ಕೆಲವು ನಿಮಿಷಗಳಲ್ಲಿ ದುಂಡನೆಯ ಒಂದು ಮೆತ್ತೆಯನ್ನು ಸಿದ್ಧಪಡಿಸುವುವು. ಮಾರನೆಯ ದಿನ ಅದು ಬೇಡ. ಹಾಲು ಕುಡಿಯುವ ಮರಿಗಳು ಮಾತ್ರ ತಾಯಿಯ ಹಾಸುಗೆಯಲ್ಲಿಯೇ ಮಲಗುವುವು. ಜಾಡುಗಾರರು ಈ ಹಾಸುಗೆಗಳನ್ನು ಒಂದೊಂದಾಗಿ ಎಣಿಸುವರು. ದೊಡ್ಡ ಲದ್ದಿಯೂ ಬೆಳ್ಳಿಯ ಕೂದಲೂ ಇದ್ದರೆ ಯಜಮಾನನದು. ದೊಡ್ಡದರ ಪಕ್ಕದಲ್ಲಿ ಚಿಕ್ಕದೊಂದು ಇದ್ದರೆ ಬಾಣಂತಿಯದು. ಒಂದು ಹಾಸುಗೆ ಕಡಮೆಯಾಗಿದ್ದರೆ ಮುಖ ಸಣ್ಣಗಾಗುವುದು. ಯಾರು ಬರಲಿಲ್ಲ, ಏಕೆ ಬರಲಿಲ್ಲವೆಂದು ಹುಡುಕಬೇಕು. ಲದ್ದಿ ನೀರಾಗಿದ್ದರೆ ಪಶುವೈದ್ಯರಿಗೆ ಸುದ್ದಿ ಹೋಗಬೇಕು.

ಬಿಡದಿಯಿಂದ ಮುಂದೆ ಜಾಡು ಹೊಸದು. ಅರ್ಧ ಗಂಟೆಯಲ್ಲಿ ಸಿಕ್ಕಿದರೂ ಸಿಕ್ಕಬಹುದು, ಅರ್ಧ ದಿನವೇ ಹಿಡಿಯಬಹುದು. ಹತ್ತಿರವಾದೊಡನೆ ಜಾಡುಗಾರನು ಗಂಟಲಿನಲ್ಲಿ ಹೂಂಕರಿಸಿದಂತೆ ಒಂದು ಸದ್ದನ್ನು ಮಾಡುವನು. ಅದು ಗೊರಿಲ್ಲಗಳು ತೃಪ್ತಿಯಿಂದ ಮೇಯುವಾಗ ಒಂದಕ್ಕೊಂದು ಹೇಳಿಕೊಳ್ಳುವ ಸದ್ದು. ‘ನಾವೇ, ಗಾಬರಿಯಿಲ್ಲ’ ಎಂಬುದು ಅದರ ತಾತ್ಪರ್ಯ. ಅತ್ತಲಿಂದಲೂ ಅದೇ ಸದ್ದು ಬಂದರೆ ಮುಂದುವರಿಯಬಹುದು. ಅನಂತರವೇ ಸುದ್ದಿಯಂತ್ರದ ಮೂಲಕ ಮಾರ್ಗದರ್ಶಿಗೆ ಎಡೆಯನ್ನು ತಿಳಿಸುವರು. ಅವನು ಪ್ರವಾಸಿಗಳನ್ನು ಕರೆದುತರುವನು. ನಡೆಯಲಾರದ ಮುದುಕರನ್ನು ಊರಿನ ಆಳುಗಳು ಕುರ್ಚಿಯಲ್ಲಿ ಕೂರಿಸಿ ಹೆಗಲಮೇಲೆ ಹೊತ್ತು ತರುವುದುಂಟು; ಅದಕ್ಕೆ ಅಲ್ಲಿ ‘ಹೆಲಿಕಾಪ್ಟರ್’ ಎಂದು ಅಡ್ಡಹೆಸರು.

ಈ ಸಲುಗೆ ತಾನಾಗಿ ಬಂದುದಲ್ಲ. ಕಾಡುಗುಂಪೊಂದನ್ನು ಮನುಷ್ಯರಿಗೆ ಒಗ್ಗಿಸಲು ಎರಡು ವರ್ಷವಾದರೂ, ಕೆಲವೆಡೆ ಅದಕ್ಕಿಂತ ಹೆಚ್ಚಾಗಿಯೂ, ದಿನವೂ ತಪ್ಪದೆ ಅದರ ಬಳಿಗೆ ಹೋಗಬೇಕು. ಮೊದಮೊದಲು ಯಜಮಾನನು ಕೂಗಿ, ಗಿಡಗಳನ್ನು ಕಿತ್ತೆಸೆದು, ಅಂಗೈಗಳಿಂದ ಎದೆಯನ್ನು ಬಡಿದು ಮೇಲೇರಿ ಬರುವನು. ಆಗ ಓಡಿದವನು ಕೆಟ್ಟನು. ತಲೆಬಗ್ಗಿಸಿ ಕುಕ್ಕರಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಎಲೆ ಮೆಲ್ಲುವಂತೆ ನಟಿಸುತ್ತ ಕುಳಿತಿರಬೇಕು. ಹೆಚ್ಚಾಗಿ ಆ ಮಹಾಕಾಯನು ಕೆಲವೇ ಮಾರು ದೂರದಲ್ಲಿ ನಿಂತು ಹಿಂತಿರುಗುವನು. ಇದು ಬರಿಯ ಬೆದರಿಕೆಯೆಂದು ಬಲ್ಲ ಜಾಡುಗಾರನಿಗೂ ಪ್ರತಿ ಸಾರಿಯೂ ಎದೆ ನಡುಗದೆ ಇರುವುದೇ? ಅಂಥ ನೂರಾರು ದಿನಗಳ ಫಲವಾಗಿ ೧೯೯೩ರಲ್ಲಿ ಬುಹೋಮಾ ಎಂಬಲ್ಲಿ ‘ಮುಬಾರೆ’ ಗುಂಪನ್ನು ಜನರಿಗೆ ಮೊದಲು ತೋರಿಸಿದರು.

ತೋರಿಸುವುದಕ್ಕೆ ಕಟ್ಟುಪಾಡುಗಳುಂಟು. ಒಂದು ಗುಂಪಿನ ಬಳಿಗೆ ದಿನಕ್ಕೆ ಎಂಟೇ ಮಂದಿ. ಒಂದೇ ಗಂಟೆಯ ಕಾಲ. ಹದಿನೈದು ವರ್ಷಕ್ಕೆ ಒಳಪಟ್ಟವರು ಬರಕೂಡದು. ನೆಗಡಿ ಕೆಮ್ಮಲು ಇದ್ದವರು ಹಿಂದೆಯೇ ಉಳಿಯಬೇಕು. ಶುಲ್ಕವಾದರೋ ನಮ್ಮಂಥವರ ಕೈಗೆಟುಕುವಂಥದಲ್ಲ. ಯುಗಾಂಡಾದಲ್ಲಿ ೨೦೨೪ರ ಜುಲೈಯಿಂದ ಪರದೇಶದವರಿಗೆ ತಲೆಗೆ ೮೦೦ ಡಾಲರುಗಳು. ರುವಾಂಡಾದಲ್ಲಿ ೨೦೧೭ರಲ್ಲಿಯೇ ಅದನ್ನು ೧,೫೦೦ಕ್ಕೆ ಏರಿಸಿದರು. ಒಂದು ಗಂಟೆಯ ದರ್ಶನಕ್ಕೆ ಇಷ್ಟು ದಕ್ಷಿಣೆಯನ್ನು ಯಾವ ದೇವರೂ ಕೇಳಿದ್ದಿಲ್ಲ! ಆದರೆ ಈ ಹಣವೇ ವನರಕ್ಷಕರ ಸಂಬಳ, ಇದೇ ಇತರ ಉದ್ಯಾನಗಳ ವೆಚ್ಚಕ್ಕೂ ಆಧಾರ. ಪ್ರವೇಶಶುಲ್ಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಸುತ್ತಲಿನ ಗ್ರಾಮಗಳಿಗೆ ಸೇರಬೇಕೆಂದು ಯುಗಾಂಡಾದಲ್ಲಿ ಕಾನೂನುಂಟು. ಗೊರಿಲ್ಲ ನೋಡುವ ರಹದಾರಿಯ ಹಣದಿಂದಲೂ ಒಂದು ಸಣ್ಣ ಭಾಗವು ಹೋಗುವುದು. ಸಣ್ಣದೆಂಬುದನ್ನು ಒತ್ತಿ ಹೇಳಬೇಕು. ಹಣ್ಣು ಬಿಡಲಿದ್ದ ಬಾಳೆಯ ಗಿಡವನ್ನು ಗೊರಿಲ್ಲವು ಸೀಳಿ ಒಳಗಿನ ದಿಂಡನ್ನು ತಿಂದು ಹೋದರೆ, ಆ ನಷ್ಟ ಒಬ್ಬ ರೈತನದು. ಶಾಲೆಗೊಂದು ಕೋಣೆ ಕಟ್ಟಿದರೆ ಆ ಲಾಭ ಊರಿನದು. ಊರಿನ ಲಾಭದಿಂದ ರೈತನ ಹೊಟ್ಟೆ ತುಂಬುವುದಿಲ್ಲ. ಆದುದರಿಂದ ಊರವರದೇ ಸ್ವಯಂಸೇವಕ ಪಡೆಗಳನ್ನು ಕಟ್ಟಿರುವರು. ತೋಟಕ್ಕೆ ಬಂದ ಗೊರಿಲ್ಲಗಳನ್ನು ನೋಯಿಸದೆ, ಸದ್ದುಮಾಡಿ, ಮೆಲ್ಲಮೆಲ್ಲನೆ ಕಾಡಿಗೆ ತಿರುಗಿಸುವುದು ಇವರ ಕೆಲಸ. ಒಂದು ಕಡೆ ಕಾಡಿನ ಅಂಚಿಗೆ ಚಹದ ಗಿಡಗಳನ್ನು ನೆಟ್ಟಿರುವರು. ಚಹದ ಎಲೆ ಗೊರಿಲ್ಲಕ್ಕೆ ರುಚಿಸದು.

ಕಷ್ಟಗಳು ಬರದೆ ಇರಲಿಲ್ಲ. ೧೯೯೯ರ ಮಾರ್ಚಿ ೧ರ ಬೆಳಗ್ಗೆ ಕಾಂಗೋದ ಕಡೆಯಿಂದ ಗಡಿ ದಾಟಿ ಬಂದ ರುವಾಂಡಾದ ಬಂಡುಕೋರರು ಬುಹೋಮಾದ ಬಿಡಾರಗಳ ಮೇಲೆ ಬಿದ್ದು, ಎಂಟು ಮಂದಿ ವಿದೇಶೀ ಪ್ರವಾಸಿಗಳನ್ನೂ ಒಬ್ಬ ಉದ್ಯಾನಾಧಿಕಾರಿಯನ್ನೂ ಕೊಂದರು. ಇನ್ನು ಇಲ್ಲಿಗೆ ಯಾರೂ ಬರಲಾರರೆಂದು ತೋರಿತು; ಆದರೂ ಕೆಲವು ವರ್ಷಗಳಲ್ಲಿ ಜನ ಮತ್ತೆ ಬಂದರು. ಗಡಿಯಾಚೆಯ ಕಾಂಗೋದಲ್ಲಿ ಕಷ್ಟವು ಇನ್ನೂ ಕಠೋರ. ಅಲ್ಲಿಯ ವಿರುಂಗಾ ಉದ್ಯಾನದಲ್ಲಿ ಕರ್ತವ್ಯನಿರತರಾಗಿ ಪ್ರಾಣಬಿಟ್ಟ ವನರಕ್ಷಕರು ಇನ್ನೂರಕ್ಕೂ ಹೆಚ್ಚು. ೨೦೦೭ರಲ್ಲಿ ಅಲ್ಲಿ ಸೆಂಕ್ವೆಕ್ವೆ ಎಂಬ ಯಜಮಾನ ಗೊರಿಲ್ಲನನ್ನೂ ಅವನ ಗುಂಪಿನ ಹೆಣ್ಣುಗಳನ್ನೂ ಗುಂಡಿಕ್ಕಿ ಕೊಂದರು. ಕಾಡನ್ನು ಕಡಿದು ಇದ್ದಿಲು ಸುಡುವ ವ್ಯಾಪಾರಕ್ಕೆ ವನರಕ್ಷಣೆ ಅಡ್ಡಬಂದುದೇ ಕಾರಣವೆಂದು ಹೇಳುವರು. ಅದೇ ವರ್ಷ, ಗುಂಡಿಗೆ ಬಲಿಯಾದ ತಾಯಿಯ ಮೈಯನ್ನು ತಬ್ಬಿಕೊಂಡಿದ್ದ ಎರಡು ತಿಂಗಳ ಮರಿಯೊಂದನ್ನು ವನರಕ್ಷಕರು ತಂದರು. ಆಂದ್ರೆ ಬೌಮಾ ಎಂಬ ಪಾಲಕನು ಆ ರಾತ್ರಿ ಅದನ್ನು ತನ್ನ ಬರಿಯ ಎದೆಗೆ ಅವಚಿಕೊಂಡು ಬೆಚ್ಚಗಿಟ್ಟು ಉಳಿಸಿದನು. ಎನ್‌ಡಕಾಸಿ ಎಂದು ಹೆಸರಿಟ್ಟ ಆ ಮರಿ ಅನಾಥಾಲಯದಲ್ಲಿ ಹದಿನಾಲ್ಕು ವರ್ಷ ಬಾಳಿ, ೨೦೨೧ರ ಸೆಪ್ಟೆಂಬರಿನಲ್ಲಿ ಕಾಯಿಲೆಯಾಗಿ, ಅದೇ ಬೌಮಾನ ತೋಳುಗಳಲ್ಲಿ ಪ್ರಾಣಬಿಟ್ಟಿತು.

ಗುಂಡಿಗಿಂತಲೂ ಉರುಲಿಗಿಂತಲೂ ಹೆಚ್ಚಾಗಿ ಈಗ ಬಲ್ಲವರು ಹೆದರುವುದು ಕಣ್ಣಿಗೆ ಕಾಣದ ಒಂದು ಶತ್ರುವಿಗೆ. ಅದೇ ನಮ್ಮ ರೋಗಗಳು. ಗೊರಿಲ್ಲದ ರಕ್ತಸಂಬಂಧವು ನಮಗೆ ಎಷ್ಟು ಹತ್ತಿರದ್ದೆಂದರೆ, ನಮ್ಮ ಹೆಚ್ಚಿನ ಅಂಟುಜಾಡ್ಯಗಳೆಲ್ಲ ಅದಕ್ಕೂ ಅಂಟುವುವು. ಆದರೆ ತಲೆತಲಾಂತರದಿಂದ ನೆಗಡಿ ದಡಾರಗಳನ್ನು ಅನುಭವಿಸಿ ನಾವು ಪಡೆದ ಶಕ್ತಿಯು ಅದಕ್ಕಿಲ್ಲ. ನಮಗೆ ಮೂರು ದಿನದ ನೆಗಡಿ, ಅದಕ್ಕೆ ಮರಣವಾಗಬಹುದು. ೧೯೯೬ರಲ್ಲಿ ಬ್ವಿಂಡಿಯ ‘ಕಟೆಂಡೆಗೆರೆ’ ಎಂಬ ಚಿಕ್ಕ ಗುಂಪಿನ ಗೊರಿಲ್ಲಗಳ ಕೂದಲು ಉದುರಿ, ಚರ್ಮ ಬಿಳಿಚಿಕೊಂಡು, ಮೈಯೆಲ್ಲ ಕೆರೆದುಕೊಳ್ಳತೊಡಗಿದುವು. ಆಗತಾನೆ ಯುಗಾಂಡಾದ ಉದ್ಯಾನ ಇಲಾಖೆಯಲ್ಲಿ ವನ್ಯಮೃಗಗಳ ಮೊದಲ ವೈದ್ಯೆಯಾಗಿ ಸೇರಿದ್ದ ಡಾಕ್ಟರ್ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಎಂಬ ತರುಣಿಯನ್ನು ಕರೆಸಿದರು. ಪರೀಕ್ಷಿಸಿದಾಗ ಅದು ಕಜ್ಜಿಯೆಂದು ತಿಳಿಯಿತು. ನಮ್ಮ ಬಡವರ ಮಕ್ಕಳ ಬೆರಳಸಂದುಗಳಲ್ಲಿ ಕಾಣುವ ಅದೇ ಕಜ್ಜಿ. ಒಂದು ಎಳೆಯ ಮರಿ ಸತ್ತಿತು. ಉಳಿದವು ಮದ್ದಿನ ಬಾಣದಿಂದ ಗುಣವಾದುವು. ಎಲ್ಲಿಂದ ಬಂದಿತೆಂದು ವಿಚಾರಿಸಿದಾಗ ಸಂಶಯವು ಹೊಲಗಳ ಬೆದರುಬೊಂಬೆಗಳ ಮೇಲೆ ಬಿದ್ದಿತು. ರೋಗವಿದ್ದವರ ಹರಕು ಬಟ್ಟೆಗಳನ್ನು ಅವುಗಳಿಗೆ ತೊಡಿಸಿರುವುದು ವಾಡಿಕೆ. ಬಾಳೆಗೆ ಬಂದ ಗೊರಿಲ್ಲಗಳು ಕುತೂಹಲದಿಂದ ಅವನ್ನು ಮುಟ್ಟಿ ನೋಡಿರಬೇಕು.

ಈ ಚಿಕ್ಕ ಸಂಗತಿಯಿಂದ ಆ ವೈದ್ಯೆಯು ತೆಗೆದ ತೀರ್ಮಾನವು ಗೃಹಿಣಿಯರಿಗೆ ಬೇಗನೆ ಅರ್ಥವಾಗುವಂಥದು: ಸುತ್ತಲಿನ ಗುಡಿಸಲುಗಳಲ್ಲಿ ಸೋಪಿಲ್ಲದಿದ್ದರೆ, ಕಕ್ಕಸಿಲ್ಲದಿದ್ದರೆ, ಆಸ್ಪತ್ರೆ ದೂರವಾಗಿದ್ದರೆ, ಕಾಡಿನೊಳಗೆ ಎಷ್ಟು ಕಾವಲಿಟ್ಟರೂ ಗೊರಿಲ್ಲಗಳು ಉಳಿಯಲಾರವು. ೨೦೦೩ರಲ್ಲಿ ಆಕೆಯು ಸಾರ್ವಜನಿಕ ಆರೋಗ್ಯದ ಮೂಲಕ ವನ್ಯರಕ್ಷಣೆಯೆಂಬ ಉದ್ದೇಶದಿಂದ ಒಂದು ಸಂಸ್ಥೆಯನ್ನು ಹುಟ್ಟಿಸಿದಳು. ಊರೂರಿನಲ್ಲಿಯೂ ಆರಿಸಿಕೊಂಡ ಸ್ವಯಂಸೇವಕರು ಮನೆಮನೆಗೆ ಹೋಗಿ ಕೆಮ್ಮುವವರನ್ನು ಆಸ್ಪತ್ರೆಗೆ ಕಳಿಸುವರು, ಕೈತೊಳೆಯುವುದನ್ನು ಕಲಿಸುವರು, ಮಕ್ಕಳ ಹೆರಿಗೆಗಳ ನಡುವೆ ಅಂತರವಿಡುವ ಉಪಾಯಗಳನ್ನು ತಾಯಂದಿರಿಗೆ ಹೇಳುವರು. ಅದೇ ಜನರು ತೋಟಕ್ಕೆ ಗೊರಿಲ್ಲ ಬಂದಿತೇ ಎಂಬುದನ್ನೂ ಬರೆದುಕೊಳ್ಳುವರು. ೨೦೨೦ರಲ್ಲಿ ಕೊರೋನಾ ಮಾರಿಯು ಬಂದಾಗ ಮನುಷ್ಯರೂ ಗೊರಿಲ್ಲಗಳೂ ಒಂದೇ ಉಸಿರನ್ನು ಹಂಚಿಕೊಂಡಿರುವರೆಂಬ ಮಾತು ಎಲ್ಲರಿಗೂ ಮನದಟ್ಟಾಯಿತು. ಅಲ್ಲಿಯವರೆಗೆ ಏಳು ಮೀಟರುಗಳಿದ್ದ ಅಂತರವನ್ನು ಹತ್ತಕ್ಕೆ ಏರಿಸಿದರು; ಬಾಯಿಮೂಗುಗಳಿಗೆ ವಸ್ತ್ರ ಕಟ್ಟಿಕೊಳ್ಳುವುದನ್ನು ವಿಧಿಸಿದರು.

ಅದೇ ವರ್ಷ ಇನ್ನೊಂದು ಪಾಠವೂ ಆಯಿತು. ವಿಮಾನಗಳು ನಿಂತುಹೋಗಿ, ಪ್ರವಾಸಿಗಳಿಲ್ಲದೆ, ಮಾರ್ಗದರ್ಶಿಗಳೂ ಹೊರೆಯಾಳುಗಳೂ ಅಂಗಡಿಯವರೂ ಬರಿಗೈಯಾದರು. ಹಸಿದವರು ಉರುಲುಗಳನ್ನು ಹಿಡಿದು ಕಾಡಿಗೆ ನಡೆದರು. ಗೊರಿಲ್ಲದ ಮಾಂಸವನ್ನು ತಿನ್ನುವ ವಾಡಿಕೆ ಆ ಸೀಮೆಯಲ್ಲಿಲ್ಲ. ಅವರು ಹೋದುದು ಚಿಕ್ಕ ಹುಲ್ಲೆಗಳಿಗೂ ಹಂದಿಗಳಿಗೂ. ಜೂನ್ ತಿಂಗಳಲ್ಲಿ ‘ಎನ್‌ಕುರಿಂಗೋ’ ಗುಂಪಿನ ಯಜಮಾನನೂ ಬಹು ಸಾಧುವೂ ಆದ ‘ರಫೀಕಿ’ ಎಂಬ ಗೊರಿಲ್ಲನು ಈಟಿಯ ತಿವಿತದಿಂದ ಸತ್ತು ಬಿದ್ದಿರುವುದು ಜಾಡುಗಾರರಿಗೆ ಸಿಕ್ಕಿತು. ರಫೀಕಿ ಎಂದರೆ ಸ್ವಾಹಿಲಿಯಲ್ಲಿ ಸ್ನೇಹಿತನೆಂದರ್ಥ. ಹಿಡಿದು ತಂದ ಬೇಟೆಗಾರನು, ಗೊರಿಲ್ಲವು ಮೇಲೆ ಬಿದ್ದುದರಿಂದ ಜೀವ ಉಳಿಸಿಕೊಳ್ಳಲು ತಿವಿದೆನೆಂದು ಹೇಳಿದನು. ಅವನಿಗೆ ಹನ್ನೊಂದು ವರ್ಷಗಳ ಸೆರೆಯಾಯಿತು. ಮನುಷ್ಯನನ್ನು ಕಂಡರೆ ಓಡಬಾರದೆಂದು ವರ್ಷಾಂತರಗಳ ಕಾಲ ಕಲಿಸಿದ ಮೇಲೆ ಮನುಷ್ಯನಿಂದಲೇ ಈ ಗತಿಯಾಯಿತಲ್ಲಾ ಎಂದು ವ್ಯಥೆಪಡದವರಿಲ್ಲ.

ಈ ವೃತ್ತಾಂತದಲ್ಲಿ ಹೇಳದೆ ಬಿಟ್ಟರೆ ಅನ್ಯಾಯವಾಗುವ ಒಂದು ಅಧ್ಯಾಯವುಂಟು. ಬಕಿಗಾ ಜನರು ಬರುವುದಕ್ಕೆ ಮುಂಚೆಯೇ ಆ ಕಾಡುಗಳಲ್ಲಿ ಬಟ್ವಾ ಎಂಬ ಕುಳ್ಳಾದ ಮೈಕಟ್ಟಿನ ವನವಾಸಿಗಳು ಜೇನು, ಗೆಡ್ಡೆ, ಸಣ್ಣ ಬೇಟೆಗಳಿಂದ ಜೀವನಮಾಡಿಕೊಂಡಿದ್ದರು. ಗೊರಿಲ್ಲಗಳ ನೆರೆಹೊರೆಯವರಾಗಿ ಅವರು ಎಷ್ಟೋ ತಲೆಮಾರುಗಳನ್ನು ಕಳೆದಿದ್ದರು. ಕಾಡನ್ನು ಕಡಿದವರೂ ಅವರಲ್ಲ, ಗೊರಿಲ್ಲಗಳ ತಲೆಗಳನ್ನು ಮಾರಿದವರೂ ಅವರಲ್ಲ. ೧೯೯೧ರಲ್ಲಿ ಉದ್ಯಾನವು ಹುಟ್ಟಿದಾಗ ಅವರನ್ನು ಹೊರಡಿಸಿದರು. ಸಾಗುವಳಿಯ ನೆಲವುಳ್ಳವರಿಗೆ ಕಾಗದಪತ್ರವಿತ್ತು, ಪರಿಹಾರಕ್ಕೆ ಕೇಳುವ ದಾರಿಯಿತ್ತು. ಕಾಡೇ ಮನೆಯಾಗಿದ್ದವರಿಗೆ ಯಾವ ಪತ್ರವಿರಬೇಕು? ಅವರಲ್ಲಿ ಹೆಚ್ಚಿನವರು ಇತರರ ಹೊಲಗಳ ಬದಿಯಲ್ಲಿ ಗುಡಿಸಲು ಹಾಕಿಕೊಂಡು ಕೂಲಿಗಳಾದರು. ೨೦೨೧ರಲ್ಲಿ ಯುಗಾಂಡಾದ ಸಂವಿಧಾನ ನ್ಯಾಯಾಲಯವು ಅವರ ಪಕ್ಷವನ್ನು ಎತ್ತಿಹಿಡಿದು, ತಕ್ಕ ಪರಿಹಾರವಿಲ್ಲದೆ ಹೊರಡಿಸಿದುದರಿಂದ ಅವರು ದೀನದಶೆಗೆ ಬಂದರೆಂದು ಹೇಳಿತು. ಪ್ರವಾಸಿಗಳಿಗೆ ಈಗ ಅವರು ತಮ್ಮ ಹಳೆಯ ಬಾಳುವೆಯನ್ನು, ಬೆಂಕಿ ಕಡೆಯುವುದನ್ನು, ಬಿಲ್ಲು ಹೂಡುವುದನ್ನು, ಕಾಡಿನ ಹೊರಗೆ ಆಡಿ ತೋರಿಸುವರು. ಆಟ ಮುಗಿದ ಮೇಲೆ ಕಾಸು ಕೊಡುವರು. ಗೊರಿಲ್ಲಗಳು ಉಳಿದುವೆಂಬ ಸಂತೋಷದಲ್ಲಿ ಇದನ್ನು ಮರೆತುಬಿಡುವವರು ಅನೇಕರಿದ್ದಾರೆ.

ಸಂತೋಷವೇನೋ ನಿಜವಾದುದೇ. ವಿರುಂಗಾದಲ್ಲಿ ೨೦೧೬ರ ಎಣಿಕೆಗೆ ೬೦೪, ಬ್ವಿಂಡಿಯಲ್ಲಿಯೂ ಅದಕ್ಕೆ ತಗುಲಿಕೊಂಡಿರುವ ಕಾಂಗೋದ ಸರಂಬ್ವೆ ಕಾಡಿನಲ್ಲಿಯೂ ಕೂಡಿ ೨೦೧೮ರ ಎಣಿಕೆಗೆ ೪೫೯, ಒಟ್ಟು ೧,೦೬೩. ಎಣಿಸಿದ ಬಗೆಯೂ ಸ್ವಾರಸ್ಯವಾದುದು. ತಂಡತಂಡವಾಗಿ ಜನರು ಕಾಡನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎರಡು ಸಾರಿ ಗುಡಿಸಿದಂತೆ ನಡೆದು, ಸಿಕ್ಕಿದ ಹಾಸುಗೆಗಳ ಲದ್ದಿಯನ್ನೆಲ್ಲ ಚಿಕ್ಕ ಶೀಸೆಗಳಲ್ಲಿ ತುಂಬಿ ಪ್ರಯೋಗಶಾಲೆಗೆ ಕಳಿಸುವರು. ಅಲ್ಲಿ ವಂಶವಾಹಿಗಳನ್ನು ಪರೀಕ್ಷಿಸಿ ಇದು ಇಂಥದರದೆಂದು ಬೇರ್ಪಡಿಸುವರು. ಹೀಗಾಗಿ, ಮನುಷ್ಯರಿಗೆ ಒಗ್ಗದ, ಯಾರ ಕಣ್ಣಿಗೂ ಬೀಳದ ಗೊರಿಲ್ಲವೂ ಲೆಕ್ಕಕ್ಕೆ ಬರುವುದು. ೨೦೧೮ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘವು ಈ ಜಾತಿಯನ್ನು ‘ಅತಿ ವಿಪತ್ತಿನಲ್ಲಿರುವ’ ವರ್ಗದಿಂದ ‘ವಿಪತ್ತಿನಲ್ಲಿರುವ’ ವರ್ಗಕ್ಕೆ ಸೇರಿಸಿತು. ಮಹಾವಾನರಗಳಲ್ಲಿ ಸಂಖ್ಯೆ ಏರುತ್ತಿರುವುದು ಕಂಡುಬಂದುದು ಇದೊಂದರಲ್ಲಿಯೇ. ಆದರೆ ಏರಿದ ಸಂಖ್ಯೆಗೆ ನೆಲ ಏರಲಿಲ್ಲ. ಕಾಡಿನ ಗೆರೆ ಇದ್ದಲ್ಲಿಯೇ ಇದೆ, ಅದರಾಚೆಗೆ ಹೊಲ.

ಗಂಟೆ ಮುಗಿದೊಡನೆ ಮಾರ್ಗದರ್ಶಿಯು ಕೈಬೀಸುವನು. ಪ್ರವಾಸಿಗಳು ಮನಸ್ಸಿಲ್ಲದ ಮನಸ್ಸಿನಿಂದ ಹಿಂದಕ್ಕೆ ಹೊರಡುವರು. ಜಾಡುಗಾರರು ಇನ್ನೂ ಸ್ವಲ್ಪ ಹೊತ್ತು ಹಿಂದೆಯೇ ಉಳಿಯುವರು. ಗುಂಪು ಯಾವ ಕಣಿವೆಗೆ ಇಳಿಯಿತು, ಯಾರು ಕುಂಟಿದರು, ಯಾವ ತಾಯಿಯ ಮರಿ ಇವತ್ತು ಮೊದಲ ಬಾರಿಗೆ ಬೆನ್ನೇರಿತು ಎಂಬುದನ್ನು ನೋಡಿಕೊಂಡು, ಎಡೆಯನ್ನು ಗುರುತುಹಾಕಿಕೊಂಡು ಊರಿನ ದಾರಿ ಹಿಡಿಯುವರು. ದಾರಿಯಲ್ಲಿ ತಂತಿಯ ಉರುಲು ಕಂಡರೆ ಕಿತ್ತು ಚೀಲಕ್ಕೆ ಹಾಕಿಕೊಳ್ಳುವರು. ಬೆಳಗಾದರೆ ಮತ್ತೆ ಅಲ್ಲಿಂದಲೇ ಹೊರಡಬೇಕು.